ರಿಯರ್ ಪ್ರೊಜೆಕ್ಷನ್ ಟಿವಿಯ ಬೆಳಕು: ಪಾದರಸದ ದೀಪವೋ, ಎಲ್‌ಇಡಿಯೋ, ಲೇಸರೋ?

ಪರದೆಯ ಹಿಂದಿನಿಂದ ಚಿತ್ರವನ್ನು ಮೂಡಿಸುವ ದೊಡ್ಡ ಹೈ ಡೆಫಿನಿಷನ್ ಟಿವಿಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಮಿತ್ಸುಬಿಷಿ ಕಂಪನಿ 2012ರ ಡಿಸೆಂಬರ್‌ನಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಆದರೂ ಆ ಟಿವಿಗಳು ಇನ್ನೂ ಬಳಕೆಯಲ್ಲಿವೆ. ಹಳೆಯ ಸಾಮಾನುಗಳ ಮಾರಾಟದಲ್ಲಿ ಸಿಗುತ್ತವೆ, ನೆಂಟರಿಂದಲೋ ನೆರೆಯವರಿಂದಲೋ ಕೈಗೆ ಬರುತ್ತವೆ, ಕೆಲವರ ಮನೆಯಲ್ಲಿ ಒಳ್ಳೆಯ ಚಿತ್ರ ಕೊಡುತ್ತ ಹಾಗೆಯೇ ನಿಂತಿವೆ. ಇಂಥ ಒಂದು ಸೆಟ್ಟನ್ನು ಕೊಳ್ಳಬೇಕೆ, ಉಳಿಸಿಕೊಳ್ಳಬೇಕೆ, ದುರಸ್ತಿಗೆ ಹಣ ಹಾಕಬೇಕೆ ಎಂಬ ಪ್ರಶ್ನೆ ಎದುರಾದಾಗ, ಪರದೆಯ ಅಳತೆ ಮತ್ತು ಕಂಪನಿಯ ಹೆಸರಿಗಿಂತ ಮೊದಲು ನೋಡಬೇಕಾದದ್ದು ಅದರೊಳಗೆ ಬೆಳಕು ಎಲ್ಲಿಂದ ಬರುತ್ತಿದೆ ಎಂಬುದನ್ನು.

ಎಲ್‌ಇಡಿ ದೀರ್ಘಕಾಲ ಬಾಳುತ್ತದೆ, ಪಾದರಸದ ದೀಪ ಸುಟ್ಟುಹೋಗುತ್ತದೆ, ಆದ್ದರಿಂದ ಎಲ್‌ಇಡಿಯೇ ಮೇಲು ಎಂಬ ತೀರ್ಮಾನ 2007ರಲ್ಲಿ ಹೊಸ ಟಿವಿ ಕೊಳ್ಳುತ್ತಿದ್ದವರ ಪಾಲಿಗೆ ಬಹುಮಟ್ಟಿಗೆ ಸರಿಯಾಗಿತ್ತು. ಇಂದು ಅದನ್ನು ಹಾಗೆಯೇ ಒಪ್ಪಿಕೊಳ್ಳಲು ಬರುವುದಿಲ್ಲ. ದೀಪ ಬೇಗ ಸವೆಯುತ್ತದೆ, ಆದರೆ ಸವೆದ ದೀಪವನ್ನು ತೆಗೆದು ಹೊಸದನ್ನು ಹಾಕಿದರೆ ಬೆಳಕಿನ ಮಟ್ಟಿಗೆ ಟಿವಿ ಹೊಸತಾಗುತ್ತದೆ. ಎಲ್‌ಇಡಿ ನಿಧಾನವಾಗಿ ಸವೆಯುತ್ತದೆ, ಆದರೆ ಅದು ಸವೆದ ಮೇಲೆ ಬದಲಾಯಿಸುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗಿದೆ. ಎರಡರ ನಡುವಣ ಆಯ್ಕೆಯೆಂದರೆ ಯಾವ ಬಗೆಯ ಸವೆತವನ್ನು ಒಪ್ಪಿಕೊಳ್ಳಲು ನಾವು ಸಿದ್ಧರಿದ್ದೇವೆ ಎಂಬ ಆಯ್ಕೆಯೇ ಆಗಿದೆ.

ಬೆಳಕಿಗೆ ಇರುವ ಕೆಲಸ

ಈ ಟಿವಿಗಳಲ್ಲಿ ಬಹಳಷ್ಟು ಡಿಎಲ್‌ಪಿ ತಂತ್ರವನ್ನು ಬಳಸುತ್ತವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ ಡಿಎಂಡಿ ಎಂಬ ಚಿಪ್ ಇದರ ಹೃದಯ. ಅದರ ಮೇಲೆ ಲಕ್ಷಗಟ್ಟಲೆ ಸೂಕ್ಷ್ಮ ಕನ್ನಡಿಗಳಿರುತ್ತವೆ. ಪ್ರತಿಯೊಂದು ಕನ್ನಡಿಯೂ ಸುಮಾರು 12 ಡಿಗ್ರಿಯಷ್ಟು ಈ ಕಡೆಗೋ ಆ ಕಡೆಗೋ ವಾಲಿ, ತನ್ನ ಮೇಲೆ ಬಿದ್ದ ಬೆಳಕನ್ನು ಲೆನ್ಸಿನತ್ತ ಕಳಿಸುತ್ತದೆ, ಇಲ್ಲವೇ ದೂರ ತಳ್ಳುತ್ತದೆ. ಲೆನ್ಸಿನತ್ತ ವಾಲಿರುವ ಕಾಲವನ್ನು ಹೆಚ್ಚು ಕಡಿಮೆ ಮಾಡುವ ಮೂಲಕ ಕಪ್ಪಿನಿಂದ ಬಿಳಿಯವರೆಗಿನ ಎಲ್ಲ ಛಾಯೆಗಳೂ ಬರುತ್ತವೆ. ಆದರೆ ಕನ್ನಡಿಗೆ ಬಣ್ಣವಿಲ್ಲ. ಕೆಂಪು, ಹಸಿರು, ನೀಲಿ ಬೆಳಕನ್ನು ಒಂದಾದ ಮೇಲೊಂದರಂತೆ ಅದರ ಮೇಲೆ ಚೆಲ್ಲಬೇಕು, ಮತ್ತು ಕಣ್ಣಿಗೆ ಮೂರೂ ಬೆರೆತು ಒಂದೇ ಬಣ್ಣವಾಗಿ ಕಾಣುವಷ್ಟು ವೇಗದಲ್ಲಿ ಇದು ನಡೆಯಬೇಕು. ಈ ಕೆಲಸವನ್ನು ದೀಪ ಒಂದು ರೀತಿಯಲ್ಲಿ ಮಾಡುತ್ತದೆ, ಎಲ್‌ಇಡಿ ಇನ್ನೊಂದು ರೀತಿಯಲ್ಲಿ. ಮುಂದಿನ ಎಲ್ಲ ವ್ಯತ್ಯಾಸಗಳೂ ಇಲ್ಲಿಂದಲೇ ಹುಟ್ಟುತ್ತವೆ.

ಚಿತ್ರದ ತೀಕ್ಷ್ಣತೆಗೂ ಬೆಳಕಿನ ಮೂಲಕ್ಕೂ ಸಂಬಂಧವಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 1080ಪಿ ಎಂದು ಮಾರಾಟವಾದ ಡಿಎಲ್‌ಪಿ ಟಿವಿಗಳಲ್ಲಿ ಹೆಚ್ಚಿನವುಗಳ ಚಿಪ್‌ನಲ್ಲಿ ಇದ್ದದ್ದು ಬೇಕಾದ ಕನ್ನಡಿಗಳ ಅರ್ಧದಷ್ಟು ಮಾತ್ರ. ಚಿತ್ರವನ್ನು ಎರಡು ಭಾಗ ಮಾಡಿ, ಎರಡನೆಯದನ್ನು ಅರ್ಧ ಪಿಕ್ಸೆಲ್‌ನಷ್ಟು ಪಕ್ಕಕ್ಕೆ ಸರಿಸಿ ತೋರಿಸುವ ವೋಬ್ಯುಲೇಷನ್ ಎಂಬ ಉಪಾಯದಿಂದ ಪೂರ್ಣ ಚಿತ್ರ ಮೂಡುತ್ತಿತ್ತು. ದೀಪದ ಸೆಟ್‌ನಲ್ಲೂ ಎಲ್‌ಇಡಿ ಸೆಟ್‌ನಲ್ಲೂ ಇದು ಒಂದೇ. ಎಲ್‌ಇಡಿಯಿಂದ ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆ ಎಂದು ಮಾರುವವರು ಹೇಳಿದರೆ ಆ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಪಾದರಸದ ದೀಪ

ದೀಪದ ಸೆಟ್‌ಗಳಲ್ಲಿ ಇರುವುದು ಫಿಲಿಪ್ಸ್ ಕಂಪನಿ 1990ರ ದಶಕದಲ್ಲಿ ಬಳಕೆಗೆ ತಂದ ಯುಎಚ್‌ಪಿ ಬಗೆಯ ಪಾದರಸದ ದೀಪ. ಚಿಕ್ಕ ಕ್ವಾರ್ಟ್ಜ್ ಗುಳ್ಳೆಯೊಳಗೆ ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿರುವ ಎರಡು ಟಂಗ್‌ಸ್ಟನ್ ತುದಿಗಳ ನಡುವೆ ವಿದ್ಯುತ್ ಕಿಡಿ ನಿರಂತರವಾಗಿ ಉರಿಯುತ್ತದೆ. ಒಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 200 ಪಟ್ಟು ಇರುತ್ತದೆ. ಬೆಳಕು ಹೊರಡುವ ಜಾಗ ಇಷ್ಟು ಚಿಕ್ಕದಾಗಿರುವುದೇ ಈ ದೀಪದ ದೊಡ್ಡ ಗುಣ. ಚುಕ್ಕೆಯಂಥ ಮೂಲದಿಂದ ಹೊರಟ ಬೆಳಕನ್ನು ಪ್ರತಿಫಲಕವೊಂದರಿಂದ ಒಟ್ಟುಗೂಡಿಸಿ ಚಿಕ್ಕ ಚಿಪ್‌ನ ಮೇಲೆ ಬೀಳಿಸುವುದು ಸುಲಭ. ಆದ್ದರಿಂದಲೇ ಈ ಬಗೆಯ ಟಿವಿಗಳಲ್ಲಿ ಅತಿ ದೊಡ್ಡ ಪರದೆಗಳು, ಮಿತ್ಸುಬಿಷಿಯ 92 ಇಂಚಿನ ಸೆಟ್ ಕೂಡ ಸೇರಿದಂತೆ, ಕೊನೆಯವರೆಗೂ ದೀಪವನ್ನೇ ನಂಬಿಕೊಂಡಿದ್ದವು.

ದೀಪದಿಂದ ಬರುವುದು ಬಿಳಿ ಬೆಳಕು. ಅದನ್ನು ಬಣ್ಣಗಳಾಗಿ ಒಡೆಯಲು ಕೆಂಪು, ಹಸಿರು, ನೀಲಿ ಗಾಜಿನ ತುಂಡುಗಳಿರುವ ಬಣ್ಣದ ಚಕ್ರವೊಂದು ಅತಿ ವೇಗವಾಗಿ ತಿರುಗುತ್ತಿರುತ್ತದೆ. ಕೆಂಪು ಗಾಜು ಎದುರಿಗಿರುವಾಗ ಹಸಿರು ಮತ್ತು ನೀಲಿ ಬೆಳಕು ವ್ಯರ್ಥ. ಹೀಗೆ ಉತ್ಪತ್ತಿಯಾದ ಬೆಳಕಿನ ಸುಮಾರು ಮೂರನೆಯ ಎರಡು ಭಾಗ ಪರದೆಯನ್ನು ತಲುಪುವುದೇ ಇಲ್ಲ. ಈ ನಷ್ಟವನ್ನು ತುಂಬಲು ಕೆಲವು ಚಕ್ರಗಳಲ್ಲಿ ಬಣ್ಣವಿಲ್ಲದ ತುಂಡೊಂದನ್ನೂ ಸೇರಿಸುತ್ತಿದ್ದರು. ಅದರಿಂದ ಬಿಳಿ ಭಾಗಗಳು ಹೊಳೆಯುತ್ತಿದ್ದವೇ ಹೊರತು ಬಣ್ಣಗಳು ಹಿಂದೆಯೇ ಉಳಿಯುತ್ತಿದ್ದವು. ಚಕ್ರಕ್ಕೆ ಬೇರಿಂಗ್ ಇದೆ, ಮೋಟಾರ್ ಇದೆ. ವರ್ಷಗಳು ಕಳೆದಂತೆ ಸದ್ದು ಏರುತ್ತದೆ, ಒಂದು ದಿನ ನಿಂತುಹೋಗುತ್ತದೆ.

ದೀಪದ ಸವೆತ ಹಲವು ಬಗೆಯದು. ಟಂಗ್‌ಸ್ಟನ್ ತುದಿಗಳು ಕರಗುತ್ತ ಹಿಂದೆ ಸರಿದಂತೆ ಕಿಡಿ ಉದ್ದವಾಗುತ್ತದೆ, ಕ್ವಾರ್ಟ್ಜ್ ಕ್ರಮೇಣ ಮಂಕಾಗುತ್ತದೆ, ಬೆಳಕಿನ ಬಣ್ಣವೂ ಬದಲಾಗುತ್ತದೆ. ಟಿವಿ ದೀಪಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುತ್ತಿದ್ದದ್ದು 6,000 ಗಂಟೆಗಳ ಆಸುಪಾಸಿನ ಆಯುಷ್ಯ. ದಿನಕ್ಕೆ ಐದು ಗಂಟೆ ನೋಡುವ ಮನೆಯಲ್ಲಿ ಅದು ಮೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಆ ಸಂಖ್ಯೆಯೂ ಬೆಳಕು ಅರ್ಧಕ್ಕೆ ಇಳಿಯುವವರೆಗಿನ ಲೆಕ್ಕ. ಎಲ್ಲ ದೀಪಗಳೂ ಅಲ್ಲಿಯವರೆಗೆ ಬರುವುದಿಲ್ಲ. ಪದೇ ಪದೇ ಹಾಕಿ ಆರಿಸುವುದು ಈ ದೀಪಕ್ಕೆ ದೊಡ್ಡ ಶತ್ರು, ಏಕೆಂದರೆ ಪ್ರತಿ ಸಲ ಹೊತ್ತಿಸುವಾಗಲೂ ತುದಿಗಳು ಸ್ವಲ್ಪ ಸವೆಯುತ್ತವೆ. ವಿದ್ಯುತ್ ಕಡಿತವೂ ಅಷ್ಟೇ ಕೆಟ್ಟದ್ದು: ದೀಪ ಕಾದಿರುವಾಗಲೇ ಫ್ಯಾನ್ ನಿಂತುಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ, ಮತ್ತೆ ವಿದ್ಯುತ್ ಬಂದಾಗ ಒಳಗಿನ ಒತ್ತಡ ಇಳಿಯುವ ತನಕ ದೀಪ ಹೊತ್ತಿಕೊಳ್ಳುವುದೂ ಇಲ್ಲ.

ಎಲ್‌ಇಡಿ ಬಂದ ಬಗೆ

ಮೂರು ಬಣ್ಣಗಳ ಎಲ್‌ಇಡಿಗಳನ್ನು ಸರದಿಯಂತೆ ಹಾಕಿ ಆರಿಸಿದರೆ ಚಕ್ರವೇ ಬೇಡ, ಬೆಳಕನ್ನು ಸೋಸಿ ಚೆಲ್ಲುವ ನಷ್ಟವೂ ಇಲ್ಲ ಎಂಬುದು ಮೇಲ್ನೋಟಕ್ಕೆ ಅತ್ಯಂತ ಸರಳವಾದ ಪರಿಹಾರ. ನೀಲಿ ಮತ್ತು ಹಸಿರು ಎಲ್‌ಇಡಿಗಳು 1990ರ ದಶಕದಲ್ಲಿಯೇ ಬಂದಿದ್ದವು. ಹಾಗಿದ್ದರೂ ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಡಿಎಲ್‌ಪಿ ಟಿವಿಗಾಗಿ 2006ರವರೆಗೆ, ಅಂದರೆ ಸ್ಯಾಮ್‌ಸಂಗ್ ತನ್ನ 56 ಇಂಚಿನ ಎಚ್‌ಎಲ್-ಎಸ್5679ಡಬ್ಲ್ಯು ಮಾದರಿಯನ್ನು ತರುವವರೆಗೆ, ಕಾಯಬೇಕಾಯಿತು. ಈ ತಡದ ಕಾರಣ ಅರ್ಥವಾದರೆ ಎಲ್‌ಇಡಿ ಸೆಟ್‌ನ ಮಿತಿಗಳೂ ತಾನಾಗಿಯೇ ಅರ್ಥವಾಗುತ್ತವೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸುವುದು ಒಳ್ಳೆಯದು.

ಎಲ್‌ಇಡಿ ಚುಕ್ಕೆಯಲ್ಲ, ಚಪ್ಪಟೆಯಾದ ಹಾಸು. ಅದರ ಮೇಲ್ಮೈಯಿಂದ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಡಿಎಂಡಿ ಚಿಪ್ ಆದರೋ ಅಂಗುಲಕ್ಕಿಂತ ಚಿಕ್ಕದು, ಮತ್ತು ಕನ್ನಡಿಗಳು ವಾಲುವ ಕೋನ ಸಣ್ಣದಾಗಿರುವುದರಿಂದ ಅದು ಕಿರಿದಾದ ಕೋನದೊಳಗೆ ಬಂದ ಬೆಳಕನ್ನು ಮಾತ್ರ ಸ್ವೀಕರಿಸಬಲ್ಲದು. ಬೆಳಕು ಹೊರಡುವ ಜಾಗದ ಅಳತೆ ಮತ್ತು ಅದು ಹರಡುವ ಕೋನ, ಈ ಎರಡರ ಗುಣಲಬ್ಧವನ್ನು ಯಾವ ಲೆನ್ಸಿನಿಂದಲೂ ಕನ್ನಡಿಯಿಂದಲೂ ತಗ್ಗಿಸಲು ಸಾಧ್ಯವಿಲ್ಲ. ಜಾಗವನ್ನು ಕಿರಿದು ಮಾಡಿದರೆ ಕೋನ ಅಗಲವಾಗುತ್ತದೆ, ಕೋನವನ್ನು ಕಿರಿದು ಮಾಡಿದರೆ ಜಾಗ ಅಗಲವಾಗುತ್ತದೆ. ಇದನ್ನು ಎಟೆಂಡ್ಯೂ ಎಂದು ಕರೆಯುತ್ತಾರೆ. ಅಗಲ ಬಾಯಿಯ ಪಾತ್ರೆಯಿಂದ ಸಣ್ಣ ಬಾಯಿಯ ಸೀಸೆಗೆ ನೀರು ಹೊಯ್ಯುವಾಗ ಆಲಿಕೆ ನೆರವಿಗೆ ಬರುತ್ತದೆ, ಆದರೆ ಬೆಳಕಿನ ಲೋಕದಲ್ಲಿ ಅಂಥ ಆಲಿಕೆ ಇಲ್ಲ. ಹಾಗಾಗಿ ಹತ್ತು ಎಲ್‌ಇಡಿಗಳ ಜಾಗದಲ್ಲಿ ಇಪ್ಪತ್ತನ್ನು ಜೋಡಿಸಿದರೆ ಪರದೆಯ ಬೆಳಕು ಇಮ್ಮಡಿಯಾಗುವುದಿಲ್ಲ, ಹೆಚ್ಚಿನದೆಲ್ಲ ಚಿಪ್‌ನ ಹೊರಗೆ ಚೆಲ್ಲಿಹೋಗುತ್ತದೆ. ಎಲ್‌ಸಿಡಿ ಟಿವಿಯ ಹಿಂಬದಿಯಲ್ಲಿ ಎಲ್‌ಇಡಿಗಳನ್ನು ಬೇಕಾದಷ್ಟು ಹರಡಬಹುದು, ಅಲ್ಲಿ ಈ ಕಟ್ಟುಪಾಡು ಇಲ್ಲ. ಪ್ರೊಜೆಕ್ಷನ್‌ನಲ್ಲಿ ಉಳಿಯುವ ದಾರಿ ಒಂದೇ: ಎಲ್‌ಇಡಿಯ ಪ್ರತಿ ಚದರ ಮಿಲಿಮೀಟರಿನಿಂದಲೂ ಹೆಚ್ಚು ಬೆಳಕು ಹೊರಡುವಂತೆ ಮಾಡುವುದು.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಲ್ಯುಮಿನಸ್ ಡಿವೈಸಸ್ ಕಂಪನಿಯ ಫ್ಲಾಟ್‌ಲೈಟ್ ಎಲ್‌ಇಡಿಗಳು ಈ ದಾರಿಯನ್ನು ತೆರೆದವು. ಅವು ಸಾಮಾನ್ಯ ಎಲ್‌ಇಡಿಗಿಂತ ಎಷ್ಟೋ ಪಟ್ಟು ದೊಡ್ಡ ಹಾಸುಗಳಾಗಿದ್ದು, ಮೇಲ್ಮೈಯಲ್ಲಿ ಕೊರೆದ ಸೂಕ್ಷ್ಮ ರಂಧ್ರಗಳ ಜಾಲ ಒಳಗೇ ಸಿಕ್ಕಿಬೀಳುತ್ತಿದ್ದ ಬೆಳಕನ್ನು ಹೊರಗೆ ತರುತ್ತಿತ್ತು. ಪ್ರತಿ ಬಣ್ಣಕ್ಕೂ ಇಂಥ ಎಲ್‌ಇಡಿಯನ್ನು ಇಟ್ಟು, ಅದರೊಳಗೆ ಹತ್ತಾರು ಆಂಪಿಯರ್ ವಿದ್ಯುತ್ತನ್ನು ಬಿಟ್ಟುಬಿಟ್ಟು ಹರಿಸಿದರೆ ಚಿಪ್‌ಗೆ ಬೇಕಾದ ಬೆಳಕು ಸಿಗುತ್ತಿತ್ತು. ಸ್ಯಾಮ್‌ಸಂಗ್‌ನ 2007ರ 50, 56 ಮತ್ತು 61 ಇಂಚಿನ ಎಚ್‌ಎಲ್-ಟಿ ಸಾಲಿನ 87ಎಸ್ ಮಾದರಿಗಳು, 2008ರ 61 ಮತ್ತು 67 ಇಂಚಿನ ಎ750 ಮಾದರಿಗಳು ಎಲ್‌ಇಡಿ ಸೆಟ್‌ಗಳು. ಅದೇ 2008ರಲ್ಲಿ ಅದೇ ಕಂಪನಿಯ ಎ650 ಮಾದರಿಗಳು ದೀಪವನ್ನು ಬಳಸುತ್ತಿದ್ದವು, ಮತ್ತು 72 ಇಂಚಿನ ಸೆಟ್ ಸಿಗುತ್ತಿದ್ದದ್ದು ದೀಪದ ಸಾಲಿನಲ್ಲಿ ಮಾತ್ರ. ಇದು ಕಾಕತಾಳೀಯವಲ್ಲ ಎಂದು ನನ್ನ ಎಣಿಕೆ. 56 ಇಂಚಿನಿಂದ 67 ಇಂಚಿಗೆ ಹೋದರೆ ಪರದೆಯ ವಿಸ್ತೀರ್ಣ ಸುಮಾರು ಶೇಕಡ 43ರಷ್ಟು ಹೆಚ್ಚುತ್ತದೆ. ಅಷ್ಟೇ ಬೆಳಕನ್ನು ಅಷ್ಟು ಅಗಲಕ್ಕೆ ಹರಡಿದರೆ ಚಿತ್ರ ಮಂಕಾಗಲೇಬೇಕು.

ಡಿಎಲ್‌ಪಿಯೊಂದರಲ್ಲೇ ಎಲ್‌ಇಡಿ ನೆಲೆಯೂರಿದ್ದಕ್ಕೂ ಕಾರಣವಿದೆ. ಮೂರು ಎಲ್‌ಸಿಡಿ ಫಲಕಗಳನ್ನೋ ಎಲ್‌ಕಾಸ್ ಎಂಬ, ಬೆಳಕನ್ನು ಪ್ರತಿಫಲಿಸುವ ಎಲ್‌ಸಿಡಿ ಬಗೆಯ ಫಲಕಗಳನ್ನೋ ಬಳಸುವ ಟಿವಿಗಳಲ್ಲಿ ಮೂರೂ ಬಣ್ಣ ಸದಾ ಉರಿಯುತ್ತಿರಬೇಕು, ಆದ್ದರಿಂದ ಬೇಗ ಬೇಗ ಹಾಕಿ ಆರಿಸಬಲ್ಲ ಎಲ್‌ಇಡಿಯ ಗುಣ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮೇಲಾಗಿ ಆ ಫಲಕಗಳಿಗೆ ಧ್ರುವೀಕೃತ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು ಬೇಕು. ಎಲ್‌ಇಡಿಯ ಬೆಳಕಿನಲ್ಲಿ ಅರ್ಧ ಅಲ್ಲಿ ನಷ್ಟವಾಗುತ್ತದೆ, ಆ ಅರ್ಧವನ್ನು ಮರಳಿ ಪಡೆಯಲು ಹೊರಟರೆ ಎಟೆಂಡ್ಯೂ ಇಮ್ಮಡಿಯಾಗುತ್ತದೆ. ಪ್ಯಾನಸಾನಿಕ್ 2007ರಲ್ಲಿ ತನ್ನ ಎಲ್‌ಸಿಡಿ ಪ್ರೊಜೆಕ್ಷನ್ ಟಿವಿಗಳಿಗೆ ಲಕ್ಸಿಮ್ ಕಂಪನಿಯ ಲೈಫೈ ಎಂಬ, ಒಳಗೆ ಲೋಹದ ತುದಿಗಳೇ ಇಲ್ಲದ ದೀಪವನ್ನು ಆರಿಸಿಕೊಂಡದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಒಳ್ಳೆಯ ಯೋಚನೆಯಾಗಿತ್ತು, ಆದರೆ ಮಾರುಕಟ್ಟೆಯಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ.

ಕಣ್ಣಿಗೆ ಕಾಣುವ ವ್ಯತ್ಯಾಸ

ಎಲ್‌ಇಡಿ ಸೆಟ್‌ನ ಮುಂದೆ ಕುಳಿತವರಿಗೆ ಮೊದಲು ಕಾಣುವುದು ಬಣ್ಣ. ಪಾದರಸದ ಬೆಳಕಿನಲ್ಲಿ ನೀಲಿ, ಹಸಿರು ಮತ್ತು ಹಳದಿ ಅಲೆಗಳು ಜೋರಾಗಿದ್ದು ಕೆಂಪು ಬಡವಾಗಿರುತ್ತದೆ. ಹಾಗಾಗಿ ದೀಪದ ಟಿವಿಯಲ್ಲಿ ಗಾಢ ಕೆಂಪು ಬೇಕೆಂದರೆ ಹೊಳಪನ್ನು ಬಿಟ್ಟುಕೊಡಬೇಕು. ಎಲ್‌ಇಡಿಯಲ್ಲಿ ಮೂರು ಬಣ್ಣಗಳೂ ಪ್ರತ್ಯೇಕವಾಗಿ, ಶುದ್ಧವಾಗಿ ಹುಟ್ಟುತ್ತವೆ. ಹೈ ಡೆಫಿನಿಷನ್ ಪ್ರಸಾರಕ್ಕೆ ನಿಗದಿಯಾದ ರೆಕ್ 709 ಎಂಬ ಬಣ್ಣದ ವ್ಯಾಪ್ತಿಗಿಂತಲೂ ಹೆಚ್ಚಿನದನ್ನು ಅವು ತೋರಿಸಬಲ್ಲವು. ಇದನ್ನು ಕೇವಲ ಲಾಭವೆಂದು ಎಣಿಸಬಾರದು. ವ್ಯಾಪ್ತಿ ಹೆಚ್ಚಿದ್ದ ಮಾತ್ರಕ್ಕೆ ಬಣ್ಣ ಸರಿಯಾಗಿದೆ ಎಂದಲ್ಲ. ಸರಿಯಾಗಿ ಹೊಂದಿಸದ ಸೆಟ್‌ನಲ್ಲಿ ಮುಖಗಳು ಬಿಸಿಲಿಗೆ ಕೆಂಪಾದಂತೆ ಕಾಣುತ್ತವೆ, ಹುಲ್ಲು ಪ್ರಕೃತಿಯಲ್ಲಿಲ್ಲದ ಹಸಿರನ್ನು ತಳೆಯುತ್ತದೆ. ಚಿತ್ರದ ಬಗೆಯನ್ನು ಆರಿಸುವ ಪಟ್ಟಿಯಲ್ಲಿ ಡೈನಮಿಕ್ ಎಂಬುದನ್ನು ಬಿಟ್ಟು ಮೂವಿ ಎಂಬುದನ್ನು ಆರಿಸಿಕೊಂಡರೆ ಈ ಅತಿರೇಕ ಬಹುಪಾಲು ಇಳಿಯುತ್ತದೆ.

ಎರಡನೆಯದು ಕಾಮನಬಿಲ್ಲಿನ ದೋಷ. ಬಣ್ಣಗಳು ಒಂದಾದ ಮೇಲೊಂದರಂತೆ ಬರುವುದರಿಂದ, ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ವಸ್ತುವೊಂದರಿಂದ ಕಣ್ಣನ್ನು ಬೇಗನೆ ಪಕ್ಕಕ್ಕೆ ಹೊರಳಿಸಿದಾಗ ಕೆಲವರಿಗೆ ಕೆಂಪು, ಹಸಿರು, ನೀಲಿಯ ಅಂಚುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಎಲ್ಲರಿಗೂ ಕಾಣುವುದಿಲ್ಲ, ಕಾಣುವವರಿಗೆ ಅದು ನಿಜವಾದ ಹಿಂಸೆ, ಕೆಲವರಿಗೆ ತಲೆನೋವೂ ಬರುತ್ತದೆ. ಚಕ್ರ ತಿರುಗುವ ವೇಗಕ್ಕೆ ಯಂತ್ರದ ಮಿತಿಯಿದೆ, ಎಲ್‌ಇಡಿಯನ್ನು ಹಾಕಿ ಆರಿಸುವ ವೇಗಕ್ಕೆ ಅಂಥ ಮಿತಿಯಿಲ್ಲ. ಆದ್ದರಿಂದ ಎಲ್‌ಇಡಿ ಸೆಟ್‌ನಲ್ಲಿ ಈ ದೋಷ ಬಹಳ ಕಡಿಮೆ. ಪೂರ್ತಿ ಇಲ್ಲವೆಂದು ಹೇಳಲಾಗದು. ಮನೆಯಲ್ಲಿ ಒಬ್ಬರಿಗಾದರೂ ಇದು ಕಾಣುತ್ತದೆಂದಾದರೆ ನನ್ನ ಮಟ್ಟಿಗೆ ದೀಪದ ಸೆಟ್‌ನ ಉಳಿದ ಎಲ್ಲ ಅನುಕೂಲಗಳೂ ಲೆಕ್ಕಕ್ಕೆ ಬರುವುದಿಲ್ಲ.

ಕತ್ತಲೆಯ ದೃಶ್ಯಗಳಲ್ಲಿಯೂ ಎಲ್‌ಇಡಿಗೆ ಮೇಲುಗೈ. ಪಾದರಸದ ಕಿಡಿಯನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ಅದು ಸ್ಥಿರವಾಗಿ ನಿಲ್ಲುವುದಿಲ್ಲ, ಆದ್ದರಿಂದ ರಾತ್ರಿಯ ದೃಶ್ಯದಲ್ಲೂ ದೀಪ ಹೆಚ್ಚುಕಡಿಮೆ ಪೂರ್ಣ ಶಕ್ತಿಯಿಂದ ಉರಿಯುತ್ತಿರುತ್ತದೆ, ಕಪ್ಪು ಬೂದಿಯಂತೆ ಕಾಣುತ್ತದೆ. ಎಲ್‌ಇಡಿಯನ್ನು ದೃಶ್ಯಕ್ಕೆ ತಕ್ಕಂತೆ ಇಳಿಸಬಹುದು, ಏರಿಸಬಹುದು. ಆದರೆ ಹಗಲಿನ ಬೆಳಕು ತುಂಬಿದ ಕೋಣೆಯಲ್ಲಿ ಈ ಮಾತು ತಿರುಗಿಬೀಳುತ್ತದೆ. ಅಲ್ಲಿ ಬೇಕಾದದ್ದು ಕಪ್ಪಿನ ಆಳವಲ್ಲ, ಒಟ್ಟು ಹೊಳಪು. ಹೊಸ ದೀಪ ಹಾಕಿದ ಸೆಟ್ ಅಲ್ಲಿ ಎಲ್‌ಇಡಿ ಸೆಟ್ಟನ್ನು ಸುಲಭವಾಗಿ ಮೀರಿಸುತ್ತದೆ.

ಟಿವಿ ಹಾಕಿದ ಕೂಡಲೇ ಚಿತ್ರ ಬರುವುದು, ಆರಿಸಿದ ಮೇಲೆ ಫ್ಯಾನ್ ತಿರುಗುತ್ತ ಉಳಿಯದಿರುವುದು, ವಿದ್ಯುತ್ ಹೋಗಿ ಬಂದರೆ ಹೆದರಬೇಕಿಲ್ಲದಿರುವುದು ಎಲ್‌ಇಡಿಯ ದಿನನಿತ್ಯದ ಅನುಕೂಲಗಳು. ವಿದ್ಯುತ್ ಖರ್ಚಿನಲ್ಲಿ ಮಾತ್ರ ಹೆಚ್ಚಿನ ಉಳಿತಾಯವನ್ನು ನಿರೀಕ್ಷಿಸಬಾರದು. ಆ ಕಾಲದ ಹಸಿರು ಎಲ್‌ಇಡಿಯ ದಕ್ಷತೆ ಕಡಿಮೆಯಿತ್ತು, ಅತಿ ಹೆಚ್ಚು ವಿದ್ಯುತ್ ಹರಿಸಿದಾಗ ಅದು ಇನ್ನೂ ಕುಸಿಯುತ್ತಿತ್ತು, ಬಂದ ಶಾಖವನ್ನು ಹೊರಹಾಕಲು ಫ್ಯಾನುಗಳೂ ಬೇಕಾಗಿದ್ದವು.

ಎಲ್‌ಇಡಿಯ ಸವೆತ

ಎಲ್‌ಇಡಿ ಸೆಟ್‌ಗಳಿಗೆ ಹೇಳಲಾಗುತ್ತಿದ್ದ ಆಯುಷ್ಯ 20,000 ಗಂಟೆ ಅಥವಾ ಅದಕ್ಕೂ ಹೆಚ್ಚು. ದಿನಕ್ಕೆ ಐದು ಗಂಟೆಯಂತೆ ಅದು ಸುಮಾರು ಹನ್ನೊಂದು ವರ್ಷ. ಹೊಸದಾಗಿ ಕೊಂಡವರಿಗೆ ಇದು ಟಿವಿಯ ಇಡೀ ಜೀವಿತಾವಧಿಗೆ ಸಾಲುವ ಸಂಖ್ಯೆಯಾಗಿತ್ತು. ಆದರೆ 2007, 2008ರಲ್ಲಿ ಮಾರಾಟವಾದ ಸೆಟ್‌ನಲ್ಲಿ ಆ ಹನ್ನೊಂದು ವರ್ಷಗಳು ಕಳೆದು ಎಷ್ಟೋ ಕಾಲವಾಗಿದೆ. ಅಂಥ ಸೆಟ್ಟನ್ನು ಇಂದು ಕೊಳ್ಳುವವರು ದೀರ್ಘಾಯುಷ್ಯವನ್ನು ಕೊಳ್ಳುತ್ತಿಲ್ಲ, ಬೇರೊಬ್ಬರು ಬಹುಪಾಲು ಬಳಸಿ ಮುಗಿಸಿದ ಆಯುಷ್ಯದ ಉಳಿಕೆಯನ್ನು ಕೊಳ್ಳುತ್ತಿದ್ದಾರೆ.

ಎಲ್‌ಇಡಿ ದೀಪದಂತೆ ಸಿಡಿದು ನಿಲ್ಲುವುದು ಅಪರೂಪ, ಅದು ನಿಧಾನವಾಗಿ ಮಂಕಾಗುತ್ತ ಹೋಗುತ್ತದೆ. ಹೊಳಪು ಅರ್ಧಕ್ಕೆ ಇಳಿದದ್ದನ್ನು ನಮ್ಮ ಕಣ್ಣು ಅರ್ಧವೆಂದು ಗ್ರಹಿಸುವುದಿಲ್ಲವಾದ್ದರಿಂದ ಕತ್ತಲೆ ಕೋಣೆಯಲ್ಲಿ ಅಂಥ ಸೆಟ್ ಇನ್ನೂ ಚೆನ್ನಾಗಿಯೇ ಕಾಣಬಹುದು. ಹೆಚ್ಚು ತೊಂದರೆ ಕೊಡುವುದು ಮೂರು ಬಣ್ಣಗಳು ಒಂದೇ ಸಮನಾಗಿ ಸವೆಯದಿರುವುದು. ಕೆಂಪು ಎಲ್‌ಇಡಿಯನ್ನು ಬೇರೆಯೇ ಅರೆವಾಹಕದಿಂದ ಮಾಡಲಾಗುತ್ತದೆ. ಬಿಸಿಯಾದಷ್ಟೂ ಅದರ ಬೆಳಕು ನೀಲಿ, ಹಸಿರಿಗಿಂತ ತುಂಬ ಬೇಗ ಇಳಿಯುತ್ತದೆ. ಒಳ್ಳೆಯ ವಿನ್ಯಾಸದಲ್ಲಿ ಸೆನ್ಸರ್‌ ಒಂದು ಮೂರರ ಬೆಳಕನ್ನೂ ಅಳೆಯುತ್ತ ವಿದ್ಯುತ್ತನ್ನು ಹೊಂದಿಸುತ್ತದೆ, ಆದರೆ ಕೆಂಪು ಸೋತಾಗ ಉಳಿದೆರಡನ್ನು ಅದರ ಮಟ್ಟಕ್ಕೆ ಇಳಿಸುವುದನ್ನು ಬಿಟ್ಟು ಸೆನ್ಸರ್‌ಗೂ ಬೇರೆ ದಾರಿಯಿಲ್ಲ. ಹೀಗೆ ಅತಿ ದುರ್ಬಲವಾದ ಎಲ್‌ಇಡಿ ಇಡೀ ಚಿತ್ರದ ಹೊಳಪನ್ನು ನಿರ್ಧರಿಸುತ್ತದೆ.

ಇನ್ನು ಬಿಡಿಭಾಗ. ದೀಪವೆಂದರೆ ಬಳಕೆದಾರರೇ ಸ್ಕ್ರೂ ಬಿಚ್ಚಿ ಬದಲಾಯಿಸಲೆಂದು ಮಾಡಿದ ವಸ್ತು. ಫಿಲಿಪ್ಸ್ ಅಥವಾ ಓಸ್ರಾಮ್ ಬರ್ನರ್ (ಬೆಳಕು ಕೊಡುವ ಕ್ವಾರ್ಟ್ಜ್ ಗುಳ್ಳೆ) ಇರುವ ದೀಪಗಳನ್ನು ಬದಲಿ ಭಾಗಗಳ ವ್ಯಾಪಾರಿಗಳು ಈ ಟಿವಿಗಳು ನಿಂತ ಮೇಲೂ ಮಾರುತ್ತ ಬಂದಿದ್ದಾರೆ. ಬರ್ನರ್ ಯಾರದೆಂದು ಹೇಳದ ಅಗ್ಗದ ನಕಲುಗಳಿಂದ ದೂರವಿರುವುದು ಒಳಿತು. ಹಾಕುವಾಗ ಕ್ವಾರ್ಟ್ಜ್ ಗಾಜನ್ನು ಬೆರಳಿನಿಂದ ಮುಟ್ಟಬಾರದು, ಬೆರಳಿನ ಎಣ್ಣೆಯಂಶ ಕಾದು ಗಾಜನ್ನು ಹಾಳುಮಾಡುತ್ತದೆ. ತೆಗೆದ ದೀಪದಲ್ಲಿ ಪಾದರಸವಿರುವುದರಿಂದ ಅದನ್ನು ಸಾಮಾನ್ಯ ಕಸದೊಂದಿಗೆ ಹಾಕದೆ ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವಲ್ಲಿಗೆ ಕೊಡಬೇಕು. ಎಲ್‌ಇಡಿ ಘಟಕದಲ್ಲಿ ಪಾದರಸವಿಲ್ಲ, ಅದು ನಿಜವಾದ ಗುಣ. ಆದರೆ ಆ ಘಟಕ ಬೆಳಕಿನ ಎಂಜಿನ್‌ನೊಳಗೆ ಕೂಡಿಕೊಂಡಿರುತ್ತದೆ, ಮತ್ತು ಈಗ ಅದು ಸಿಗುವುದು ಪರದೆ ಒಡೆದೋ ಬೋರ್ಡ್ ಕೆಟ್ಟೋ ಮೂಲೆ ಸೇರಿದ ಇನ್ನೊಂದು ಸೆಟ್‌ನಿಂದ ಬಿಚ್ಚಿ ತೆಗೆದರೆ ಮಾತ್ರ.

ದೀಪದ ಸೆಟ್‌ಗೆ ಎಲ್‌ಇಡಿ ಹಾಕಬಹುದೇ ಎಂದು ಅನೇಕರು ಕೇಳುತ್ತಾರೆ. ಹಾಕಬಾರದು ಎಂಬುದೇ ನನ್ನ ಸ್ಪಷ್ಟ ಸಲಹೆ. ಬಿಳಿ ಎಲ್‌ಇಡಿಯ ಅಗಲವಾದ ಹಾಸು ಚುಕ್ಕೆಗಾಗಿ ರೂಪಿಸಿದ ಪ್ರತಿಫಲಕದಲ್ಲಿ ಕೂರುವುದಿಲ್ಲ. ಹೊಂದಿದ ಅಲ್ಪ ಬೆಳಕಿನಲ್ಲೂ ಮೂರನೆಯ ಎರಡು ಭಾಗವನ್ನು ಚಕ್ರ ಸೋಸಿಬಿಡುತ್ತದೆ. ದೀಪ ಹೊತ್ತಿದೆ ಎಂಬ ಸೂಚನೆ ದೀಪಕ್ಕೆ ವಿದ್ಯುತ್ ಒದಗಿಸುವ ಬ್ಯಾಲಾಸ್ಟ್‌ನಿಂದ ಬರದಿದ್ದರೆ ಟಿವಿ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಎಲ್‌ಇಡಿ ಡಿಎಲ್‌ಪಿ ಎಂಬುದು ಮೊದಲಿನಿಂದಲೂ ಹಾಗೆಂದೇ ಕಟ್ಟಬೇಕಾದ ಯಂತ್ರ.

ಲೇಸರ್

ಲೇಸರ್ ಬಗ್ಗೆ ಕಡಿಮೆ ಮಾತು ಸಾಕು, ಏಕೆಂದರೆ ಆಯ್ಕೆಯೇ ಕಡಿಮೆ. ಮಿತ್ಸುಬಿಷಿ 2008ರಲ್ಲಿ 65 ಇಂಚಿನ ಲೇಸರ್‌ವ್ಯೂ ಟಿವಿಯನ್ನು 6,999 ಡಾಲರ್ ಬೆಲೆಗೆ ತಂದಿತು, ಮುಂದೆ 75 ಇಂಚಿನವೂ ಬಂದವು. ಬೆಳಕು ಅತ್ಯಂತ ಕಿರಿದಾದ ಜಾಗದಿಂದ, ಅತ್ಯಂತ ಕಿರಿದಾದ ಕೋನದಲ್ಲಿ ಹೊರಡುವುದರಿಂದ ಎಲ್‌ಇಡಿಯನ್ನು ಕಾಡಿದ ಎಟೆಂಡ್ಯೂ ಕಷ್ಟ ಇಲ್ಲಿ ಇಲ್ಲ. ಬಣ್ಣದ ವ್ಯಾಪ್ತಿ ಎಲ್ಲಕ್ಕಿಂತ ಹೆಚ್ಚು, ವಿದ್ಯುತ್ ಖರ್ಚು ಕಡಿಮೆ. ದೋಷವೆಂದರೆ ಸಮತಲವಾದ ಒಂದೇ ಬಣ್ಣದ ಭಾಗಗಳಲ್ಲಿ ಮಿನುಗುವ ಕಾಳುಗಳಂತೆ ಕಾಣುವ ಸ್ಪೆಕಲ್, ಮತ್ತು ಕೆಟ್ಟರೆ ಎಲ್‌ಇಡಿಗಿಂತಲೂ ಕಷ್ಟವಾದ ದುರಸ್ತಿ. ಸುಸ್ಥಿತಿಯಲ್ಲಿರುವ ಲೇಸರ್‌ವ್ಯೂ ಸಿಕ್ಕರೆ ಚಿತ್ರದ ಗುಣಮಟ್ಟದಲ್ಲಿ ಅದನ್ನು ಮೀರಿಸುವ ರಿಯರ್ ಪ್ರೊಜೆಕ್ಷನ್ ಟಿವಿ ಇಲ್ಲವೆಂದೇ ನಾನು ಹೇಳುತ್ತೇನೆ, ಆದರೆ ಅದೊಂದನ್ನೇ ನಂಬಿಕೊಂಡು ಮನೆಯ ಮುಖ್ಯ ಟಿವಿಯಾಗಿ ಇಟ್ಟುಕೊಳ್ಳಲು ಹೇಳಲಾರೆ.

ಯಾರಿಗೆ ಯಾವುದು

ಹೊಸ ಟಿವಿಯೇ ಬೇಕೆನ್ನುವವರು ಈ ಹೋಲಿಕೆಯ ಹೊರಗಿದ್ದಾರೆ. ಇಂದಿನ ಚಪ್ಪಟೆ ಟಿವಿಗಳು ಹೊಳಪಿನಲ್ಲಿ, ಎಲ್ಲ ಬದಿಯಿಂದಲೂ ಒಂದೇ ರೀತಿ ಕಾಣುವುದರಲ್ಲಿ, ವಿದ್ಯುತ್ ಉಳಿತಾಯದಲ್ಲಿ ಮುಂದಿವೆ. ಕಡಿಮೆ ಖರ್ಚಿನಲ್ಲಿ ದೊಡ್ಡ ಚಿತ್ರ ಬೇಕು, ಇಡಲು ಜಾಗವಿದೆ, ಎದುರಿನಿಂದಲೇ ನೋಡುತ್ತೇವೆ ಎನ್ನುವವರಿಗೆ ಮಾತ್ರ ಮುಂದಿನ ಮಾತು. ಬೆಳಕಿರುವ ಕೋಣೆಯಲ್ಲಿ ಹಗಲೂ ರಾತ್ರಿ ನಡೆಯುವ ಟಿವಿಗೆ, ಇಲ್ಲವೇ 70 ಇಂಚಿಗಿಂತ ದೊಡ್ಡ ಪರದೆಗೆ ದೀಪದ ಸೆಟ್ಟೇ ಸರಿ. ಹೊಸ ದೀಪದ ಬೆಲೆಯನ್ನು ಸೆಟ್‌ನ ಬೆಲೆಗೆ ಮೊದಲೇ ಸೇರಿಸಿ ಲೆಕ್ಕ ಹಾಕಬೇಕು. ಸಂಜೆಯ ನಂತರ ಕತ್ತಲೆಯಲ್ಲಿ ಸಿನಿಮಾ ನೋಡುವವರಿಗೆ, ಕಾಮನಬಿಲ್ಲು ಕಾಣುವವರಿಗೆ, ವಿದ್ಯುತ್ ಪದೇ ಪದೇ ಹೋಗುವ ಕಡೆ ಇರುವವರಿಗೆ, ಅರ್ಧ ಗಂಟೆ ನೋಡಿ ಆರಿಸಿ ಮತ್ತೆ ಹಾಕುವ ರೂಢಿಯಿರುವ ಮನೆಗೆ ಎಲ್‌ಇಡಿ ಸೆಟ್ ಹೇಳಿ ಮಾಡಿಸಿದಂತಿದೆ, ಅದು ಹೆಚ್ಚು ಬಳಕೆಯಾಗಿರದಿದ್ದರೆ ಮಾತ್ರ. ಎಲ್‌ಇಡಿ ಸೆಟ್ ಈಗಾಗಲೇ ಮನೆಯಲ್ಲಿದ್ದು ಚಿತ್ರ ಚೆನ್ನಾಗಿದ್ದರೆ ಅದನ್ನು ಬಿಟ್ಟು ದೀಪದ ಸೆಟ್‌ಗೆ ಹೋಗಲು ಯಾವ ಕಾರಣವೂ ಇಲ್ಲ; ಗಾಳಿಯ ಕಿಂಡಿಗಳ ಧೂಳು ತೆಗೆಯುತ್ತ, ಗೋಡೆಯಿಂದ ಸ್ವಲ್ಪ ದೂರವಿಟ್ಟು ಬಳಸಿದರೆ ಸಾಕು.

ಕೊಳ್ಳುವ ಮೊದಲು

ಅನೇಕ ಸೆಟ್‌ಗಳಲ್ಲಿ ದುರಸ್ತಿಯವರಿಗೆಂದು ಇರುವ ಸರ್ವಿಸ್ ಮೆನುವಿನಲ್ಲಿ ಬಳಕೆಯ ಗಂಟೆಗಳ ಲೆಕ್ಕ ಸಿಗುತ್ತದೆ. ದೀಪದ ಸೆಟ್‌ನಲ್ಲಿ ದೀಪ ಬದಲಾಯಿಸಿದಾಗ ಆ ಲೆಕ್ಕವನ್ನು ಸೊನ್ನೆ ಮಾಡಿರುತ್ತಾರೆ, ಎಲ್‌ಇಡಿ ಸೆಟ್‌ನಲ್ಲಿ ಅದು ಹೆಚ್ಚು ನಂಬಬಹುದಾದ ಮಾಹಿತಿ. ಪೂರ್ತಿ ಕಪ್ಪು ಚಿತ್ರದಲ್ಲಿ ಬಿಳಿ ಚುಕ್ಕೆಗಳು ಹಾಗೆಯೇ ನಿಂತಿದ್ದರೆ ಡಿಎಂಡಿ ಚಿಪ್‌ನ ಕನ್ನಡಿಗಳು ಅಂಟಿಕೊಂಡಿವೆ ಎಂದರ್ಥ. ಅದಕ್ಕೆ ಬೆಳಕಿನ ಮೂಲ ಯಾವುದಾದರೂ ಒಂದೇ, ಮತ್ತು ಚುಕ್ಕೆಗಳು ಹೆಚ್ಚುತ್ತಲೇ ಹೋಗುವುದರಿಂದ ಅಂಥ ಸೆಟ್ಟನ್ನು ಬಿಟ್ಟುಬಿಡುವುದು ಮೇಲು. ಉತ್ತರ ಅಮೆರಿಕಕ್ಕಾಗಿ ಮಾಡಿದ ಸೆಟ್‌ಗಳು 120 ವೋಲ್ಟ್‌ಗೆ ಹೊಂದಿದವು ಎಂಬುದನ್ನೂ ಹಿಂಬದಿಯ ಫಲಕದಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು.

ಎಲ್‌ಇಡಿ ಸೆಟ್‌ಗೆ ಇನ್ನೊಂದು ಪರೀಕ್ಷೆ ಅಗತ್ಯ, ಅದಕ್ಕೆ ಮಾರುವವರ ಬಳಿ ಒಂದು ಗಂಟೆ ಕಾಯುವ ತಾಳ್ಮೆ ಬೇಕು. ಟಿವಿ ತಣ್ಣಗಿರುವಾಗ ಪೂರ್ತಿ ಬಿಳಿಯ ಚಿತ್ರವೊಂದನ್ನು ತೋರಿಸಿ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಬೇಕು, ಕ್ಯಾಮೆರಾದ ಬಿಳಿ ಬಣ್ಣದ ಹೊಂದಿಕೆಯನ್ನು ಸ್ಥಿರವಾಗಿಟ್ಟು. ಒಂದು ಗಂಟೆ ಯಾವುದಾದರೂ ಹೊಳೆಯುವ ಕಾರ್ಯಕ್ರಮ ನಡೆಯಲಿ. ಆಮೇಲೆ ಅದೇ ಬಿಳಿಯನ್ನು ಮತ್ತೆ ತೋರಿಸಿ, ಅದೇ ಹೊಂದಿಕೆಯಲ್ಲಿ ಇನ್ನೊಂದು ಫೋಟೊ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಬಿಳಿ ಬಿಳಿಯಾಗಿಯೇ ಉಳಿದಿದ್ದರೆ ಸೆಟ್ ಕೊಳ್ಳಲು ಯೋಗ್ಯ. ನೀಲಿ ಅಥವಾ ಹಸಿರಿಗೆ ತಿರುಗಿದ್ದರೆ ಶಾಖದಲ್ಲಿ ಕೆಂಪು ಎಲ್‌ಇಡಿ ಸೋಲುತ್ತಿದೆ. ಆಗ ಹಿಂಬದಿಯ ಫ್ಯಾನ್ ಸರಿಯಾಗಿ ತಿರುಗುತ್ತಿದೆಯೇ, ಕಿಂಡಿಗಳಲ್ಲಿ ಧೂಳು ಕಟ್ಟಿದೆಯೇ ಎಂದು ನೋಡಿ, ಶುಚಿಮಾಡಿದ ಮೇಲೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ಆಗಲೂ ಬಣ್ಣ ತಿರುಗಿದರೆ ದೋಷವಿರುವುದು ಎಲ್‌ಇಡಿಯಲ್ಲೇ. ಬೆಲೆ ಎಷ್ಟು ಕಡಿಮೆಯಾದರೂ ಅದನ್ನು ಕೊಳ್ಳಬಾರದು.